ಭಾವಚಿತ್ರದ ಬೆನ್ನಿಗೊಂದು ಹೆಸರು

ಹಳೆಯ ಭಾವಚಿತ್ರದಲ್ಲಿ ಬೆಲೆಯುಳ್ಳದ್ದು ಯಾವುದು? ಮುಖವೆಂದು ನೀವು ಹೇಳುವಿರಿ. ಹಿಂಬದಿಯ ಬರಹವೆಂದು ನನ್ನ ಅಭಿಪ್ರಾಯ. ಮಾತು ವಿಚಿತ್ರವೆನಿಸಬಹುದು, ಆದುದರಿಂದ ತುಸು ವಿವರಿಸುವೆ.

ಜಾರ್ಜ್ ಕೆನ್ನನ್ ಎಂಬ ಅಮೆರಿಕದ ಪತ್ರಕರ್ತನು 1885–86ರಲ್ಲಿ ಚಿತ್ರಕಾರ ಜಾರ್ಜ್ ಫ್ರಾಸ್ಟ್‌ನೊಡನೆ ಸೈಬೀರಿಯವನ್ನು ಸುತ್ತಿದನು. ಹೊರಡುವಾಗ ಅವನ ಒಲವು ರಷ್ಯದ ಚಕ್ರವರ್ತಿಯ ಸರಕಾರದ ಕಡೆಗಿತ್ತು. ಗಡಿಪಾರಾದ ರಾಜಕೀಯ ಕೈದಿಗಳೊಡನೆ ಮಾತನಾಡಿದ ಮೇಲೆ ಅವನ ಮನಸ್ಸು ಬದಲಾಯಿತು. ಅವರ ಭಾವಚಿತ್ರಗಳನ್ನು ಸಂಗ್ರಹಿಸಿದನು. 1891ರಲ್ಲಿ ಎರಡು ಸಂಪುಟಗಳ ಗ್ರಂಥವನ್ನು ಪ್ರಕಟಿಸಿದನು. ಸೆಲೆಂಗಿನ್ಸ್ಕ್ ಎಂಬ ದೂರದ ಊರಿನಲ್ಲಿ ಅವನು ಕಂಡ ಕ್ಯಾಥರೀನ್ ಬ್ರೆಷ್ಕೊವ್‌ಸ್ಕಿಯ ಮುಖವನ್ನು ಇಂದಿನವರೂ ಗುರುತಿಸಬಲ್ಲರು. ಮುಖದೊಡನೆ ಹೆಸರೂ ಉಳಿದುದೇ ಇದಕ್ಕೆ ಕಾರಣ. ಹೆಸರು ಕಳೆದಿದ್ದರೆ ಅವಳೂ ಯಾರೋ ಒಬ್ಬ ರಷ್ಯದ ಹೆಂಗಸು, ಅಷ್ಟೆ.

ಇನ್ನು ನಮ್ಮ ನಾಡಿಗೆ ಬರೋಣ. 1858ರಲ್ಲಿ ದಿಲ್ಲಿಯ ಬಹಾದುರ್ ಶಾ ಜಫರ್ ಸೆರೆಯಲ್ಲಿದ್ದಾಗ ಅವನ ಛಾಯಾಚಿತ್ರ ತೆಗೆಯಲಾಯಿತು. ಗೆದ್ದವರು ಸೋತವನನ್ನು ತೆಗೆದ ಚಿತ್ರವದು. ಅದೇ ವರ್ಷ ಜೂನ್ 12ರಂದು ನಮ್ಮ ನರಗುಂದದ ಬಾಬಾಸಾಹೇಬ ಭಾಸ್ಕರರಾವ್ ಭಾವೆಯವರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಶಾಲೆಯ ಗೋಡೆಗಳ ಮೇಲೆ ನಾನು ಕಂಡ ಬಾಬಾಸಾಹೇಬರು ಚಿತ್ರಕಾರನ ಕುಂಚದಿಂದ ಮೂಡಿದವರು. ಅರಸನಿಗೆ ಇತಿಹಾಸಕಾರರಿದ್ದಾರೆ, ಲಾವಣಿಕಾರರಿದ್ದಾರೆ. ಅವನ ಹೆಸರು ಅಳಿಯುವುದಿಲ್ಲ. ನನ್ನ ಚಿಂತೆ ಅರಸರದಲ್ಲ.

ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯಿಂದ ಚಳವಳಿಗೆ ಇಳಿದ ರೈತರು, ನೇಕಾರರು, ಮಾಸ್ತರರು ಎಷ್ಟೋ ಜನ. ಅಂದಿನ ಮುಂಬಯಿ ಪ್ರಾಂತದ ಸತ್ಯಾಗ್ರಹಿಗಳಿಗೆ ಹಿಂಡಲಗಾ, ಯರವಡಾ, ವಿಸಾಪುರದ ಸೆರೆಮನೆಗಳು ಪರಿಚಿತವಾಗಿದ್ದವು. ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರ ಚಿತ್ರವನ್ನು ನಮ್ಮ ಕಡೆಯ ಹಿರಿಯರು ಕಂಡೊಡನೆ ಗುರುತಿಸುವರು. ಆದರೆ ಅಂಥ ನಾಯಕರ ಹಿಂದಿನ ಸಾಲಿನಲ್ಲಿ ಖಾದಿ ಟೊಪ್ಪಿಗೆ ಧರಿಸಿ ನಿಂತವರು ಯಾರು? ಹೇಳಬಲ್ಲವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

1972ರಲ್ಲಿ, ಸ್ವಾತಂತ್ರ್ಯದ ಬೆಳ್ಳಿಹಬ್ಬದ ವರ್ಷ, ಸರಕಾರವು ಹೋರಾಟಗಾರರಿಗೆ ತಾಮ್ರಪತ್ರವನ್ನಿತ್ತಿತು, ಪಿಂಚಣಿಯನ್ನೂ ಆರಂಭಿಸಿತು. ಪಿಂಚಣಿಗೆ ಸೆರೆಮನೆಯ ದಾಖಲೆ ಬೇಕಿತ್ತು. ಅದು ದೊರೆಯದಿದ್ದರೆ ಜೊತೆಯ ಕೈದಿಗಳ ಪ್ರಮಾಣಪತ್ರ. ಹೀಗಾಗಿ ಆ ಕಾಗದಗಳನ್ನು ಮನೆಯವರು ಟ್ರಂಕಿನಲ್ಲಿ ಜೋಪಾನ ಮಾಡಿದರು. ಪಡಸಾಲೆಯ ಗೋಡೆಯ ಭಾವಚಿತ್ರಕ್ಕೆ ಯಾವ ಕಚೇರಿಯೂ ಬೆಲೆ ಕಟ್ಟಲಿಲ್ಲ. ಮನೆಗೆ ಹೊಸ ಸುಣ್ಣ ಹೊಡೆದಾಗ ಅದು ಅಟ್ಟ ಸೇರಿತು.

"ಮನೆಯ ಹಿರಿಯರ ಚಿತ್ರ, ಊರಿಗೇನು ಸಂಬಂಧ?" ಎಂದು ಕೇಳುವವರುಂಟು. ಸೆರೆಗೆ ಹೋದವರು ಮನೆಯ ಕೆಲಸಕ್ಕಾಗಿ ಹೋದವರಲ್ಲವಲ್ಲ! ಮಕ್ಕಳಿಗೆ ಗಾಂಧಿ, ನೆಹರೂ ಅವರನ್ನು ತೋರಿಸಿ ಸ್ವಾತಂತ್ರ್ಯವೆಂದರೆ, ಅದು ಬೇರೆಲ್ಲೋ ನಡೆದ ಸಂಗತಿಯೆಂದು ತಿಳಿಯುತ್ತಾರೆ. ತಮ್ಮ ಓಣಿಯ ಮುಖವೊಂದನ್ನು ತೋರಿಸಿದರೆ ಕಣ್ಣರಳಿಸಿ ಪ್ರಶ್ನೆ ಕೇಳುತ್ತಾರೆ. ಇದು ನನ್ನ ತರಗತಿಯ ಅನುಭವ.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಟೊಪ್ಪಿಗೆ ಇಟ್ಟವರೆಲ್ಲ ಸೆರೆಗೆ ಹೋದವರಲ್ಲ. ಪ್ರೀತಿಯಿಂದ ಹಿರಿಯರಿಗೆ ಇಲ್ಲದ ಶಿಕ್ಷೆಯನ್ನು ದಯಪಾಲಿಸಬೇಡಿ! ಗೊತ್ತಿರುವುದನ್ನು ಗೊತ್ತಿದೆಯೆಂದೂ, ಕೇಳಿದ್ದನ್ನು ಇಂಥವರಿಂದ ಕೇಳಿದ್ದೆಂದೂ ಬರೆಯಿರಿ.

ಪ್ರಿಯ ವಿದ್ಯಾರ್ಥಿಗಳೇ, ಬಂಧುಗಳೇ, ಈ ಸಲ ಹಬ್ಬಕ್ಕೆ ಊರಿಗೆ ಬಂದಾಗ ಅಟ್ಟವನ್ನೊಮ್ಮೆ ನೋಡಿರಿ. ಸಿಕ್ಕ ಚಿತ್ರವನ್ನು ಮನೆಯ ಹಿರಿಯರ ಮುಂದಿಡಿರಿ. ಹೆಸರು, ಊರು, ಸುಮಾರು ವರ್ಷ, ಹೇಳಿದವರು ಯಾರು ಎಂಬಿಷ್ಟನ್ನು ಹಿಂಬದಿಯ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಹಗುರವಾಗಿ ಬರೆಯಿರಿ. ಬಾಲ್‌ಪೆನ್ನು ಬೇಡ, ಒತ್ತಿದ ಗೆರೆ ಮುಖದ ಮೇಲೆ ಮೂಡುತ್ತದೆ. ಲ್ಯಾಮಿನೇಶನ್ ಖಂಡಿತ ಬೇಡ. ಮೊಬೈಲಿನಲ್ಲಿ ಮುಂಬದಿ, ಹಿಂಬದಿ ಎರಡನ್ನೂ ತೆಗೆದು ನಾಲ್ಕು ಮನೆಗಳಿಗೆ ಕಳುಹಿಸಿರಿ. ಅರ್ಧ ತಾಸಿನ ಕೆಲಸ. ಹೇಳುವ ಅಜ್ಜ ಅಜ್ಜಿಯರು ಇರುವಾಗಲೇ ಮಾಡಿರಿ.