ಆಳದ ಹೂಳಿಕೆ: ಸೋತದ್ದು ಶಿಲೆಯಲ್ಲ

ಪರಮಾಣು ತ್ಯಾಜ್ಯವನ್ನು ಭೂಗರ್ಭದಲ್ಲಿ ಹೂತುಬಿಟ್ಟರೆ ಸಮಸ್ಯೆ ಮುಗಿಯಿತೆಂದು ನಂಬುವವರು ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಅನುಭವವನ್ನು ಗಮನಿಸಬೇಕು. ಅಲ್ಲಿನ ಕಾರ್ಲ್ಸ್‌ಬಾಡ್ ಬಳಿ, ಸುಮಾರು 650 ಮೀಟರ್ ಆಳದ ಉಪ್ಪಿನ ಶಿಲಾಪದರದಲ್ಲಿ, ಅಣ್ವಸ್ತ್ರ ತಯಾರಿಕೆಯಿಂದ ಉಳಿದ ಪ್ಲುಟೋನಿಯಂ ಬೆರೆತ ತ್ಯಾಜ್ಯವನ್ನು 1999ರಿಂದ ಇರಿಸಲಾಗುತ್ತಿದೆ. ಪದರದ ವಯಸ್ಸು ಸುಮಾರು 25 ಕೋಟಿ ವರ್ಷ. ಮುಂದಿನ 10,000 ವರ್ಷಗಳ ಸುರಕ್ಷತೆಯನ್ನು ಲೆಕ್ಕಹಾಕಿಯೇ ಅನುಮತಿ ನೀಡಲಾಗಿತ್ತು.

ಆದರೆ 15 ವರ್ಷ ತುಂಬುವ ಮೊದಲೇ, 2014ರ ಫೆಬ್ರುವರಿಯಲ್ಲಿ, ಪೀಪಾಯಿಯೊಂದು ಒಳಗಿಂದಲೇ ಕಾದು ಬಿರಿಯಿತು. ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಅದನ್ನು ತುಂಬುವಾಗ ದ್ರವ ಹೀರಲು ಖನಿಜ ಪುಡಿಯ ಬದಲು ಸಾವಯವ ಪುಡಿ ಬಳಸಲಾಗಿತ್ತು. ತ್ಯಾಜ್ಯದಲ್ಲಿದ್ದ ನೈಟ್ರೇಟ್ ಲವಣಗಳೊಡನೆ ಅದು ವರ್ತಿಸಿ ಶಾಖ ಹುಟ್ಟಿಸಿತು. ಅಲ್ಪ ಪ್ರಮಾಣದ ವಿಕಿರಣಶೀಲ ಕಣಗಳು ಮೇಲಿನ ವಾತಾವರಣವನ್ನೂ ಸೇರಿದವು. ಹೂಳುವ ಕಾರ್ಯ ಸುಮಾರು ಮೂರು ವರ್ಷ ಸ್ಥಗಿತಗೊಂಡಿತು.

ಇಲ್ಲಿ ಕೈಕೊಟ್ಟದ್ದು ಶಿಲೆಯಲ್ಲ, ಮನುಷ್ಯನ ಎಚ್ಚರ. ಆಳದ ಹೂಳಿಕೆಯನ್ನು ತಿರಸ್ಕರಿಸಲು ಇದು ಕಾರಣವಾಗದು. ನೆಲದ ಮೇಲೆ ಶತಮಾನಗಟ್ಟಲೆ ಕಾವಲಿಡುವುದು ಇನ್ನೂ ದುಸ್ತರ. ಆದರೆ ಪ್ಲುಟೋನಿಯಂ-239ರ ಅರ್ಧಾಯುಷ್ಯ ಸುಮಾರು 24,000 ವರ್ಷ. ಅಂಥ ಕಾಲಮಾನದ ಭರವಸೆ ನೀಡುವವರು ಮೊದಲು ಇಂದಿನ ಪ್ರತಿ ಪೀಪಾಯಿಯನ್ನೂ ಸ್ವತಂತ್ರ ಪರಿಶೀಲನೆಗೆ ಒಡ್ಡಬೇಕು. ಭೂವಿಜ್ಞಾನದ ಹೆಸರಿನಲ್ಲಿ ಆಡಳಿತದ ಹೊಣೆಯನ್ನು ಹೂಳಲಾಗದು.