ಹಳೆಯ ತಂಡ, ಹೊಸ ತರಬೇತುದಾರ: ತೀರ್ಪಿಗೇಕೆ ಅವಸರ?

ಗೆದ್ದೆತ್ತಿನ ಬಾಲ ಹಿಡಿಯುವವರು ಊರಿಗೆ ನೂರು ಮಂದಿ. ಸೋತ ಎತ್ತಿನ ಮುಂದೆ ಹಿಡಿ ಹುಲ್ಲು ಹಾಕುವವರು ವಿರಳ. ಈ ಮಾತಿನ ಸತ್ಯ ನಮಗೆ ಕೊಡ್ಲಿಪೇಟೆಯ ಬಸ್ ನಿಲ್ದಾಣದಲ್ಲಿ ಮತ್ತೊಮ್ಮೆ ಮನವರಿಕೆಯಾಯಿತು. ನಮ್ಮ ಕಡೆಯ ಕೆಲವು ಮಕ್ಕಳು ದಿನವೂ ಬಸ್ಸಿನಲ್ಲಿ ಹೋಗಿ ಓದುವ ಕಾಲೇಜೊಂದರ ಬಾಸ್ಕೆಟ್‌ಬಾಲ್ ತಂಡ ಮೊದಲ ಸುತ್ತಿನಲ್ಲಿಯೇ ಸೋತು ಹಿಂದಿರುಗಿತ್ತು. ಹಿಂದಿನ ವರ್ಷ ಅದೇ ಕಾಲೇಜು ಅಂತಿಮ ಪಂದ್ಯದವರೆಗೆ ಹೋಗಿತ್ತು. ನಡುವೆ ಆದ ಬದಲಾವಣೆ ಒಂದೇ ಎಂಬುದು ಅಲ್ಲಿ ನೆರೆದಿದ್ದ ಪೋಷಕರ ಅಭಿಪ್ರಾಯ: ಹಲವು ವರ್ಷ ತಂಡವನ್ನು ಬೆಳೆಸಿದ್ದ ದೈಹಿಕ ಶಿಕ್ಷಣ ನಿರ್ದೇಶಕರು ನಿವೃತ್ತರಾಗಿ, ಅವರ ಸ್ಥಾನಕ್ಕೆ ಕಿರಿಯರೊಬ್ಬರು ಬಂದಿದ್ದರು. "ಅದೇ ಹುಡುಗರು, ಅದೇ ಅಂಗಳ, ಮೇಷ್ಟ್ರು ಮಾತ್ರ ಬೇರೆ. ತಪ್ಪು ಯಾರದೆಂದು ಇನ್ನು ಹೇಳಬೇಕೆ?" ಎಂದರು ಒಬ್ಬರು. ಉಳಿದವರು ಹೌದೆಂದರು. ನಾವೂ ತಲೆಯಾಡಿಸಿದೆವು.

ಮನೆಗೆ ಬಂದು ಯೋಚಿಸಿದಾಗ ಆ ತಲೆಯಾಡಿಕೆ ನಮ್ಮನ್ನು ಕಾಡತೊಡಗಿತು. 'ಅದೇ ಹುಡುಗರು' ಎಂಬ ಮಾತೇ ನಿಜವಾಗಿರಲಿಲ್ಲ. ಕಳೆದ ವರ್ಷ ಆಡಿದ ಐವರಲ್ಲಿ ಮೂವರು ಅಂತಿಮ ವರ್ಷದ ವಿದ್ಯಾರ್ಥಿಗಳು. ಅವರು ಪದವಿ ಮುಗಿಸಿ ಹೊರಟಿದ್ದರು. ಉಳಿದವರಲ್ಲಿ ಹೆಚ್ಚಿನವರು ಅಲ್ಲಿಯವರೆಗೆ ಅಂಗಳದ ಹೊರಗೆ ಕುಳಿತು ನೋಡಿದವರು. ಹೊಸ ಶಿಕ್ಷಕರಾದರೋ ಅತಿಥಿ ನೇಮಕಾತಿಯ ಮೇಲೆ ಬಂದವರು. ಶೈಕ್ಷಣಿಕ ವರ್ಷ ಮುಗಿದೊಡನೆ ಅವರ ಕೆಲಸವೂ ಮುಗಿಯುತ್ತದೆ. ಮುಂದಿನ ವರ್ಷ ಮತ್ತೆ ಕರೆಯಬೇಕೇ ಬೇಡವೇ ಎಂಬುದನ್ನು ಆಡಳಿತದವರು ನಿರ್ಧರಿಸುತ್ತಾರೆ. ಅಂಥ ನಿರ್ಧಾರಗಳು ಎಷ್ಟೋ ಬಾರಿ ಬಸ್ ನಿಲ್ದಾಣದಲ್ಲಿ ಹುಟ್ಟಿ ಕಾಲೇಜಿನ ಕಚೇರಿಯಲ್ಲಿ ಸಹಿಯಾಗುತ್ತವೆ. ಹಾಗಾದರೆ ಒಬ್ಬ ಯುವಕನ ಅನ್ನದ ಪ್ರಶ್ನೆಯ ಮೇಲೆ ನಾವು, ಏನನ್ನೂ ವಿಚಾರಿಸದೆ, ತೀರ್ಪು ನೀಡಿ ಬಂದಂತಾಯಿತಲ್ಲವೇ?

ತೋಟದ ನಡುವೆ ಬದುಕುವ ನಮಗೆ ಈ ವಿಷಯ ಅರ್ಥವಾಗದೇ ಇರಬೇಕಾದ್ದಲ್ಲ. ನವೆಂಬರ್ ತಿಂಗಳಿನಲ್ಲಿ ಹೊಸ ಮೇಲ್ವಿಚಾರಕನೊಬ್ಬ ತೋಟಕ್ಕೆ ಬಂದನೆನ್ನೋಣ. ಅವನು ಬಂದ ಕೆಲವೇ ವಾರಗಳಲ್ಲಿ ಅರೇಬಿಕಾದ ಕುಯ್ಲು ಭರದಿಂದ ಸಾಗುತ್ತದೆ. ಫಸಲು ಚೆನ್ನಾಗಿದ್ದರೆ ಅದು ಅವನ ಕೈಗುಣವೇ? ಕಳೆದ ಮಾರ್ಚ್, ಏಪ್ರಿಲ್ ತಿಂಗಳ ಹೂಮಳೆ, ಅದಕ್ಕೂ ಮೊದಲು ನಡೆದ ಕಪಾತು, ಹಾಕಿದ ಗೊಬ್ಬರ, ಮರಗಸಿ ಮಾಡಿ ಬಿಟ್ಟ ಬಿಸಿಲು, ಇವೆಲ್ಲ ಸೇರಿ ಆ ಹಣ್ಣಾಗಿದೆ. ಅದೇ ರೀತಿ ಹಿಂದಿನವನು ಬೋರರ್ ಹುಳ ಬಿದ್ದ ಗಿಡಗಳನ್ನು ಕಿತ್ತು ಸುಡದೆ ಉಳಿಸಿ ಹೋಗಿದ್ದರೆ, ಅದರ ನಷ್ಟ ಕಾಣುವುದು ಹೊಸಬನ ಲೆಕ್ಕಪುಸ್ತಕದಲ್ಲಿ. ಅವನೇ ನೆಟ್ಟ ಸಸಿ ಮೊದಲ ಫಸಲು ಕೊಡಲು ಮೂರು ನಾಲ್ಕು ವರ್ಷ ಬೇಕು. ಇದನ್ನು ಬಲ್ಲ ಬೆಳೆಗಾರ ಮೊದಲ ಕುಯ್ಲಿನ ಮೂಟೆಗಳನ್ನೆಣಿಸಿ ಮೇಲ್ವಿಚಾರಕನನ್ನು ಹೊಗಳುವುದಿಲ್ಲ, ತೆಗಳುವುದೂ ಇಲ್ಲ. ಗಿಡದ ವಿಷಯದಲ್ಲಿ ನಮಗಿರುವ ಈ ವಿವೇಕ ಮನುಷ್ಯರ ವಿಷಯದಲ್ಲಿ ಏಕೆ ಮಾಯವಾಗುತ್ತದೆ?

ಕೊಡಗಿನವರಾದ ನಮಗೆ ಹತ್ತಿರದ ಆಟವೆಂದರೆ ಹಾಕಿ. 2016ರ ರಿಯೊ ಒಲಿಂಪಿಕ್ಸ್‌ಗೆ ಹೋದ ಭಾರತ ಪುರುಷರ ತಂಡದ ಹದಿನಾರು ಮಂದಿಯಲ್ಲಿ ನಾಲ್ವರು ಈ ಪುಟ್ಟ ಜಿಲ್ಲೆಯವರು: ವಿ.ಆರ್. ರಘುನಾಥ್, ಎಸ್.ಕೆ. ಉತ್ತಪ್ಪ, ನಿಕಿನ್ ತಿಮ್ಮಯ್ಯ ಮತ್ತು ನಮ್ಮ ಪಕ್ಕದ ಸೋಮವಾರಪೇಟೆಯ ಎಸ್.ವಿ. ಸುನಿಲ್. ಸುನಿಲ್ 2007ರಿಂದ 2021ರವರೆಗಿನ ಅವಧಿಯಲ್ಲಿ ದೇಶಕ್ಕಾಗಿ 264 ಪಂದ್ಯಗಳನ್ನಾಡಿ 72 ಗೋಲುಗಳನ್ನು ಗಳಿಸಿದರು. ಆ ವರ್ಷಗಳಲ್ಲಿ ಭಾರತ ತಂಡದ ಹೊಣೆ ಹೊತ್ತ ಮುಖ್ಯ ತರಬೇತುದಾರರನ್ನು ಎಣಿಸಿದರೆ ಆಶ್ಚರ್ಯವಾಗುತ್ತದೆ: ಜೋಕಿಂ ಕಾರ್ವಾಲೊ, ಹೋಸೆ ಬ್ರಾಸಾ, ಮೈಕೆಲ್ ನಾಬ್ಸ್, ಟೆರಿ ವಾಲ್ಷ್, ಪಾಲ್ ವಾನ್ ಆಸ್, ರೋಲಂಟ್ ಓಲ್ಟ್‌ಮನ್ಸ್, ಶೋರ್ಡ್ ಮರೈನ್, ಹರೇಂದ್ರ ಸಿಂಗ್, ಗ್ರಹಾಂ ರೀಡ್. ಸೋಮವಾರಪೇಟೆಯ ಹುಡುಗನೊಬ್ಬನ ಆಟದ ಬದುಕಿನಲ್ಲಿ ಒಂಬತ್ತು ಮಂದಿ! ಕಾರ್ವಾಲೊ ಅವರ ನಂತರ ಬಂದ ಪ್ರತಿಯೊಬ್ಬರೂ ಸುನಿಲ್‌ರಂಥ ಆಟಗಾರರನ್ನು ತಾವು ಬೆಳೆಸಿ ಪಡೆದವರಲ್ಲ, ಹಿಂದಿನವರಿಂದ ಪಡೆದುಕೊಂಡವರು. ಹಾಗಿರುವಾಗ ಯಾವ ಗೆಲುವನ್ನು ಯಾರ ಹೆಸರಿಗೆ ಬರೆಯೋಣ?

ಈ ಪ್ರಶ್ನೆಯನ್ನು ಕಾಲವೇ ಪರೀಕ್ಷೆಗೊಡ್ಡಿದಂತಹ ಪ್ರಸಂಗವೊಂದು 2017ರಲ್ಲಿ ನಡೆಯಿತು. ಆ ಸೆಪ್ಟೆಂಬರ್ ತಿಂಗಳ ಆರಂಭದಲ್ಲಿ ಓಲ್ಟ್‌ಮನ್ಸ್ ಅವರನ್ನು ತೆಗೆದುಹಾಕಿ, ಮಹಿಳಾ ತಂಡದ ತರಬೇತುದಾರರಾಗಿದ್ದ ಮರೈನ್ ಅವರನ್ನು ಪುರುಷರ ತಂಡಕ್ಕೆ ನೇಮಿಸಲಾಯಿತು. ಮಹಿಳಾ ತಂಡದ ಹೊಣೆ ಹರೇಂದ್ರ ಸಿಂಗ್ ಅವರಿಗೆ ಬಂದಿತು. ಅಕ್ಟೋಬರ್ 22ರಂದು ಢಾಕಾದಲ್ಲಿ ಪುರುಷರು ಮಲೇಷ್ಯಾವನ್ನು 2-1ರಿಂದ ಸೋಲಿಸಿ ಏಷ್ಯಾ ಕಪ್ ಗೆದ್ದರು. ಆ ತಂಡದ ಉಪನಾಯಕ ನಮ್ಮ ಸುನಿಲ್. ನವೆಂಬರ್ 5ರಂದು ಜಪಾನಿನಲ್ಲಿ ಮಹಿಳೆಯರು ಚೀನಾವನ್ನು ಶೂಟೌಟ್‌ನಲ್ಲಿ ಮಣಿಸಿ ತಮ್ಮ ಏಷ್ಯಾ ಕಪ್ ಗೆದ್ದರು. ಎರಡು ತಿಂಗಳೂ ತುಂಬದ ಅವಧಿಯಲ್ಲಿ ಇಬ್ಬರು ಹೊಸ ತರಬೇತುದಾರರು ಎರಡು ಕಪ್‌ಗಳನ್ನು ಎತ್ತಿದರು. ಒಬ್ಬರು ಗೆದ್ದದ್ದು ಓಲ್ಟ್‌ಮನ್ಸ್ ಅವರ ಹುಡುಗರಿಂದ; ಮತ್ತೊಬ್ಬರು ಗೆದ್ದದ್ದು ಮರೈನ್ ಅವರ ಹುಡುಗಿಯರಿಂದ.

ಮುಂದಿನ ಕಥೆ ಇನ್ನೂ ಬೋಧಪ್ರದ. 2018ರ ಏಪ್ರಿಲ್‌ನಲ್ಲಿ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಪುರುಷರ ತಂಡ ಪದಕವಿಲ್ಲದೆ ನಾಲ್ಕನೆಯದಾಗಿ ಬಂದಿತು. ಮೇ ತಿಂಗಳಲ್ಲಿ ಮರೈನ್ ಅವರನ್ನು ಮರಳಿ ಮಹಿಳಾ ತಂಡಕ್ಕೂ, ಹರೇಂದ್ರ ಅವರನ್ನು ಪುರುಷರ ತಂಡಕ್ಕೂ ಅದಲು ಬದಲು ಮಾಡಲಾಯಿತು. ಪುರುಷರ ತಂಡದೊಂದಿಗೆ ಮರೈನ್ ಕಳೆದದ್ದು ಎಂಟೇ ತಿಂಗಳು. ಹರೇಂದ್ರ ಅವರಿಗೂ ಹೆಚ್ಚು ಕಾಲ ಸಿಗಲಿಲ್ಲ. ಡಿಸೆಂಬರ್‌ನಲ್ಲಿ ಭುವನೇಶ್ವರದ ವಿಶ್ವಕಪ್‌ನ ಕ್ವಾರ್ಟರ್ ಫೈನಲ್‌ನಲ್ಲಿ ನೆದರ್ಲೆಂಡ್ಸ್‌ಗೆ 1-2ರಿಂದ ಸೋತ ಬಳಿಕ, 2019ರ ಜನವರಿಯಲ್ಲಿ ಅವರೂ ಹೊರನಡೆಯಬೇಕಾಯಿತು.

ಆದರೆ ಮಹಿಳಾ ತಂಡದೊಂದಿಗೆ ಮರೈನ್ ಅವರಿಗೆ ಮೂರು ವರ್ಷಗಳಿಗೂ ಮೀರಿದ ಕಾಲ ದೊರೆಯಿತು. 2021ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಆ ತಂಡ ಮೊದಲ ಮೂರು ಪಂದ್ಯಗಳನ್ನೂ ಸೋತಿತು. ಅಂದೇ ತೀರ್ಪು ಬರೆದಿದ್ದರೆ ಏನಾಗುತ್ತಿತ್ತು? ಅದೇ ತಂಡ ಐರ್ಲೆಂಡನ್ನೂ ದಕ್ಷಿಣ ಆಫ್ರಿಕಾವನ್ನೂ ಸೋಲಿಸಿ, ಆಗಸ್ಟ್ 2ರಂದು ಬಲಾಢ್ಯ ಆಸ್ಟ್ರೇಲಿಯಾವನ್ನು 1-0ಯಿಂದ ಮಣಿಸಿ, ಕೊನೆಗೆ ಕಂಚಿನ ಪಂದ್ಯದಲ್ಲಿ ಬ್ರಿಟನ್ನಿಗೆ 3-4ರಿಂದ ಸೋತು ನಾಲ್ಕನೆಯ ಸ್ಥಾನ ಪಡೆಯಿತು. ಒಬ್ಬನೇ ಮನುಷ್ಯ, ಒಂದು ಕಡೆ ಎಂಟು ತಿಂಗಳಲ್ಲಿ ಅಯೋಗ್ಯ, ಮತ್ತೊಂದು ಕಡೆ ಮೂರು ವರ್ಷಗಳಲ್ಲಿ ಸಮರ್ಥ!

ಪುರುಷರ ತಂಡ ಅದೇ ಟೋಕಿಯೊದಲ್ಲಿ ಜರ್ಮನಿಯನ್ನು 5-4ರಿಂದ ಸೋಲಿಸಿ ಗೆದ್ದ ಕಂಚು, ಒಲಿಂಪಿಕ್ ಹಾಕಿಯಲ್ಲಿ 1980ರ ನಂತರ ಭಾರತಕ್ಕೆ ದೊರೆತ ಮೊದಲ ಪದಕ. ಅಂದಿನ ತರಬೇತುದಾರ ಗ್ರಹಾಂ ರೀಡ್ ಅವರಿಗೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು. ಅದರೊಡನೆ ಮತ್ತೊಂದನ್ನೂ ನೆನೆಯಬೇಕು. ಆ ತಂಡದ ಹರ್ಮನ್‌ಪ್ರೀತ್, ಮನ್‌ದೀಪ್, ಸುಮಿತ್, ಗುರ್ಜಂತ್, ನೀಲಕಂಠ ಶರ್ಮಾ, ಜರ್ಮನಿಯ ವಿರುದ್ಧ ಎರಡು ಗೋಲು ಹೊಡೆದ ಸಿಮ್ರನ್‌ಜೀತ್, ಇವರೆಲ್ಲ 2016ರಲ್ಲಿ ಲಖನೌದಲ್ಲಿ ಕಿರಿಯರ ವಿಶ್ವಕಪ್ ಗೆದ್ದ ಹುಡುಗರು. ಆ ಕಿರಿಯರ ತಂಡದ ತರಬೇತುದಾರ ಯಾರು? ಹಿರಿಯರ ತಂಡದಿಂದ ಹೊರಹಾಕಲ್ಪಟ್ಟ ಹರೇಂದ್ರ ಸಿಂಗ್! ರೀಡ್ ಅವರ ನಂತರ 2023ರಲ್ಲಿ ಬಂದ ಕ್ರೇಗ್ ಫುಲ್ಟನ್ ಅವರೂ 2024ರ ಪ್ಯಾರಿಸ್‌ನಲ್ಲಿ ಕಂಚು ಗೆದ್ದಾಗ, ಅವರ ಹದಿನಾರು ಮಂದಿಯಲ್ಲಿ ಹನ್ನೊಂದು ಮಂದಿ ಟೋಕಿಯೊದಲ್ಲಿ ಆಡಿದವರೇ ಆಗಿದ್ದರು. ಬಿತ್ತಿದವನೊಬ್ಬ, ನೀರೆರೆದವನೊಬ್ಬ, ಕುಯ್ದವನು ಮತ್ತೊಬ್ಬ. ಕಣದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವವನು ಮಾತ್ರ ಒಬ್ಬನೇ.

ಕಾಲೇಜು ಬಾಸ್ಕೆಟ್‌ಬಾಲ್ ಒಂದು ದೊಡ್ಡ ಉದ್ಯಮವೇ ಆಗಿರುವ ಅಮೆರಿಕದಲ್ಲಿಯೂ ಇದೇ ಸಮಸ್ಯೆ. 1989ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ತರಬೇತುದಾರ ಬಿಲ್ ಫ್ರೀಡರ್ ಬೇರೊಂದು ವಿಶ್ವವಿದ್ಯಾಲಯದ ಕೆಲಸ ಒಪ್ಪಿಕೊಂಡ ಕಾರಣ, ರಾಷ್ಟ್ರೀಯ ಪಂದ್ಯಾವಳಿ ಆರಂಭವಾಗುವ ಹೊಸ್ತಿಲಲ್ಲಿ ಅವರನ್ನು ಬಿಟ್ಟು ಸಹಾಯಕ ಸ್ಟೀವ್ ಫಿಷರ್ ಅವರಿಗೆ ತಂಡವನ್ನು ಒಪ್ಪಿಸಲಾಯಿತು. ಫಿಷರ್ ಆರಕ್ಕೆ ಆರು ಪಂದ್ಯಗಳನ್ನೂ ಗೆದ್ದರು. ಅಂತಿಮ ಪಂದ್ಯದಲ್ಲಿ ಕಥೋಲಿಕ ವಿಶ್ವವಿದ್ಯಾಲಯವಾದ ಸೀಟನ್ ಹಾಲ್ ಅನ್ನು ಹೆಚ್ಚುವರಿ ಅವಧಿಯಲ್ಲಿ 80-79ರಿಂದ ಸೋಲಿಸಿ ಚಾಂಪಿಯನ್ ಎನಿಸಿದರು. ಮುಂದೆ ತಾವೇ ಆರಿಸಿ ತಂದ ಅಪ್ರತಿಮ ಹುಡುಗರೊಡನೆ 1992 ಮತ್ತು 1993ರಲ್ಲಿ ಅಂತಿಮ ಪಂದ್ಯ ತಲುಪಿದರೂ ಎರಡು ಬಾರಿಯೂ ಸೋತರು. ಅನ್ಯರ ಹುಡುಗರಿಂದ ಗೆದ್ದು ತನ್ನ ಹುಡುಗರಿಂದ ಸೋತವನನ್ನು ಯಾವ ತಕ್ಕಡಿಯಲ್ಲಿ ತೂಗೋಣ?

ಇದಕ್ಕೆ ವಿರುದ್ಧವಾದ ಉದಾಹರಣೆ ವಿಲ್ಲನೋವಾ. ಪೋಪ್ ಹದಿನಾಲ್ಕನೆಯ ಲಿಯೊ ಅವರು 1977ರಲ್ಲಿ ಪದವಿ ಪಡೆದ ಕಥೋಲಿಕ ವಿಶ್ವವಿದ್ಯಾಲಯ ಅದು. ಅಲ್ಲಿ 2016 ಮತ್ತು 2018ರಲ್ಲಿ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟ ಜೇ ರೈಟ್ 2022ರ ಏಪ್ರಿಲ್‌ನಲ್ಲಿ ನಿವೃತ್ತರಾದರು. ಉತ್ತರಾಧಿಕಾರಿಯಾಗಿ ಬಂದವರು ಅವರ ಹಿಂದಿನ ಸಹಾಯಕ ಕೈಲ್ ನೆಪ್ಚೂನ್. ರೈಟ್ ಅವರ ಕೊನೆಯ ತಂಡ ಸೆಮಿಫೈನಲ್ ತಲುಪಿತ್ತೇನೋ ನಿಜ. ಆದರೆ ಅದರ ಆಧಾರಸ್ತಂಭಗಳಂತಿದ್ದ ಹಿರಿಯ ಆಟಗಾರರು ಹೊರಟುಹೋಗಿದ್ದರು, ಉಳಿದ ಪ್ರಮುಖನೊಬ್ಬನ ಹಿಮ್ಮಡಿಯ ನರ ಹರಿದಿತ್ತು. ನಮ್ಮ ಬಸ್ ನಿಲ್ದಾಣದ ಮಾತು ಅಲ್ಲಿಯೂ ಕೇಳಿಬಂದಿತು: ತಂಡ ಅದೇ, ಗುರು ಬೇರೆ! ಮೂರು ವರ್ಷವೂ ತಂಡ ರಾಷ್ಟ್ರೀಯ ಪಂದ್ಯಾವಳಿಗೆ ಅರ್ಹತೆ ಪಡೆಯದಿದ್ದಾಗ, 2025ರ ಮಾರ್ಚ್‌ನಲ್ಲಿ ನೆಪ್ಚೂನ್ ಅವರನ್ನು ಕೈಬಿಡಲಾಯಿತು. ಮೊದಲ ವರ್ಷದಲ್ಲಿಯೇ ಹೀಗೆ ಮಾಡಿದ್ದರೆ ಅದು ಅನ್ಯಾಯವಾಗುತ್ತಿತ್ತು. ಮೂರನೆಯ ವರ್ಷದ ಹೊತ್ತಿಗೆ ತಂಡದ ಹೆಚ್ಚಿನವರು ಅವರೇ ಆರಿಸಿದವರಾಗಿದ್ದರಿಂದ ಆ ತೀರ್ಪನ್ನು ಅವಸರದ್ದೆನ್ನಲಾಗದು.

ಹೀಗೆ ಹೇಳುವಾಗ ನಾವು ತರಬೇತುದಾರನಿಗೆ ಶಾಶ್ವತ ರಕ್ಷಾಕವಚ ತೊಡಿಸುತ್ತಿಲ್ಲ. 'ಇವರು ನನ್ನ ಹುಡುಗರಲ್ಲ' ಎಂಬುದು ಮೊದಲ ವರ್ಷ ನ್ಯಾಯವಾದ ವಿವರಣೆ, ಎರಡನೆಯ ವರ್ಷ ಅರ್ಧ ವಿವರಣೆ, ಮೂರನೆಯ ವರ್ಷ ಬರಿಯ ನೆಪ. ಮೊದಲ ವರ್ಷದಲ್ಲಿಯೂ ಅವನನ್ನು ಅಳೆಯಬಹುದು. ಆದರೆ ಆ ಅಳತೆಗೋಲು ಗೆಲುವು ಸೋಲಲ್ಲ. ಹಿಂದಿನವರು ಮೂಲೆಗೆ ಕೂರಿಸಿದ್ದ ಹುಡುಗನೊಬ್ಬ ಇವರ ಕೈಯಲ್ಲಿ ಒಂದಿಷ್ಟಾದರೂ ಬೆಳೆದನೇ? ಜೂನ್ ತಿಂಗಳಲ್ಲಿ ಚೆಂಡು ಹಿಡಿಯಲು ತಡವರಿಸುತ್ತಿದ್ದವನು ಡಿಸೆಂಬರ್‌ನಲ್ಲಿ ಸಮಾಧಾನದಿಂದ ಆಡುತ್ತಿದ್ದಾನೆಯೇ? ಹಳೆಯ ಗುರುವಿನ ಅಚ್ಚುಮೆಚ್ಚಿನವರೆಂಬ ಕಾರಣಕ್ಕೆ ಯಾರನ್ನಾದರೂ ಹೊರಗಿಟ್ಟರೇ? ಗೆದ್ದಾಗ ಹಿಂದಿನವರ ಹೆಸರು ಹೇಳಿದರೇ, ಸೋತಾಗ ಹುಡುಗರ ಮೇಲೆ ಹೊರಿಸದೆ ತಾವು ಹೊತ್ತರೇ? ಬೆಳಿಗ್ಗೆ ಅಂಗಳಕ್ಕೆ ಹುಡುಗರಿಗಿಂತ ಮೊದಲು ಬರುತ್ತಾರೆಯೇ? ಈ ಪ್ರಶ್ನೆಗಳಿಗೆ ಉತ್ತರ ಅಂಕಫಲಕದಲ್ಲಿ ದೊರೆಯುವುದಿಲ್ಲ. ನಾವು ಹೋಗಿ ನೋಡಬೇಕು, ಮಕ್ಕಳನ್ನು ಕೇಳಬೇಕು.

ಆಡಳಿತದವರಿಗೂ ಒಂದು ವಿನಂತಿ. ಹೊಸಬರನ್ನು ನೇಮಿಸುವ ದಿನವೇ ಅವರಿಂದ ಏನನ್ನು ನಿರೀಕ್ಷಿಸುತ್ತೇವೆ, ಯಾವಾಗ ಲೆಕ್ಕ ಕೇಳುತ್ತೇವೆ ಎಂಬುದನ್ನು ಸ್ಪಷ್ಟವಾಗಿ ತಿಳಿಸಿರಿ. ಹತ್ತು ತಿಂಗಳ ನೇಮಕಾತಿ ಕೊಟ್ಟು ಮೂರು ವರ್ಷದ ಫಲ ಕೇಳುವುದು ಯಾವ ನ್ಯಾಯ? ನಿವೃತ್ತರಾದ ಹಿರಿಯರಲ್ಲಿಯೂ ಒಂದು ಮಾತು: ನಿಮ್ಮ ಮೌನವನ್ನು ಜನ ಒಪ್ಪಿಗೆಯೆಂದು ತಿಳಿಯುತ್ತಾರೆ. 'ನನ್ನ ತಂಡದ ಮೂವರು ಹೊರಟುಹೋದರು, ಹೊಸಬರಿಗೆ ಕಾಲಾವಕಾಶ ಕೊಡಿ' ಎಂದು ನೀವು ಒಮ್ಮೆ ಹೇಳಿದರೆ ಅದರ ತೂಕವೇ ಬೇರೆ.

ಸೋತ ತಂಡದ ಮಕ್ಕಳು ನಮ್ಮ ಮಾತುಗಳನ್ನು ಕೇಳಿಸಿಕೊಳ್ಳುತ್ತಿರುತ್ತಾರೆ ಎಂಬುದನ್ನೂ ನಾವು ಮರೆಯಬಾರದು. ಮೊದಲ ಸೋಲಿಗೇ ಗುರುವನ್ನು ಬದಲಿಸುವ ಊರಿನಲ್ಲಿ ಬೆಳೆದ ಹುಡುಗ, ಸೋಲಿಗೆ ಕಾರಣವನ್ನು ಎಂದಿಗೂ ತನ್ನಲ್ಲಿ ಹುಡುಕಲು ಕಲಿಯಲಾರ.

ಮುಂದಿನ ಸಲ ಆ ಪೋಷಕರು ಬಸ್ಸಿಗಾಗಿ ಕಾಯುತ್ತಾ ಸಿಕ್ಕಾಗ, ಅಂದು ನಾವು ತಲೆಯಾಡಿಸಿದ್ದು ತಪ್ಪೆಂದು ಹೇಳಬೇಕೆಂದಿದ್ದೇವೆ. ಸಾಧ್ಯವಾದರೆ ಅವರನ್ನೂ ಕರೆದುಕೊಂಡು ಒಂದು ಬೆಳಿಗ್ಗೆ ಆ ಕಾಲೇಜಿನ ಅಂಗಳಕ್ಕೆ ಹೋಗಿ, ಹೊಸ ಮೇಷ್ಟ್ರು ಹುಡುಗರಿಗೆ ಹೇಗೆ ಕಲಿಸುತ್ತಾರೆಂಬುದನ್ನು ಕಣ್ಣಾರೆ ನೋಡಿ ಬರುತ್ತೇವೆ. ನಮ್ಮ ಅಭಿಪ್ರಾಯವನ್ನು ಅಲ್ಲಿಯವರೆಗೆ ಬಾಕಿ ಇಟ್ಟಿದ್ದೇವೆ.