ಮೇ ತಿಂಗಳಿನ ಜೋಗ

ನಮ್ಮಂಥವರು ಜೋಗವನ್ನು ಕಂಡದ್ದೆಲ್ಲ ಮೇ ತಿಂಗಳಿನಲ್ಲಿ. ಮುಂಬಯಿಯ ಶಾಲೆಗಳಿಗೆ ರಜೆ ಸಿಗುತ್ತಿದ್ದುದೇ ಆಗ, ಊರಿಗೆ ಹೋಗುತ್ತಿದ್ದುದೂ ಆಗಲೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಬೇಸಿಗೆಯ ಜೋಗವೆಂದರೆ ಬೋಳು ಬಂಡೆ, ಅದರ ಮೇಲೆ ಇಳಿಯುವ ಒಂದೆರಡು ನೂಲೆಳೆ. ಆದರೂ ಕಣ್ಣು ಮುಚ್ಚಿದರೆ ನಮಗೆ ಕಾಣುವುದು ಭೋರ್ಗರೆಯುವ ಜೋಗವೇ. ಅದು ನಾವು ನೋಡಿದ್ದಲ್ಲ, ಕೇಳಿದ್ದು. ಡೊಂಬಿವಲಿಯ ಎರಡು ಕೋಣೆಯ ಮನೆಗಳಲ್ಲಿ, ‘ನಿತ್ಯೋತ್ಸವ’ ಎಂಬ ಧ್ವನಿಸುರುಳಿಯಿಂದ.

ಕೆ.ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ಈ ಸುರುಳಿ ಹೊರಬಂದದ್ದು 1978ರಲ್ಲಿ. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ಟೆಂದು ಅದಕ್ಕೆ ಹೆಸರಿದೆ. ನಮ್ಮ ಮನೆಗಳಿಗೆ ಬಂದದ್ದು ಅದರ ನಕಲು. ಎರಡು ಟೇಪ್‌ರೆಕಾರ್ಡರುಗಳನ್ನು ಎದುರುಬದುರು ಇಟ್ಟು ಇಳಿಸಿಕೊಂಡದ್ದು. ಆದ್ದರಿಂದ ಅದರಲ್ಲಿ ಕುಕ್ಕರಿನ ಸೀಟಿಯೂ ಯಾರದೋ ಅಜ್ಜಿಯ ಕೆಮ್ಮೂ ಸೇರಿಕೊಂಡಿದ್ದವು. ಇಂದು ಮೊಬೈಲಿನಲ್ಲಿ ಅದೇ ಹಾಡು ಸ್ವಚ್ಛವಾಗಿ ಕೇಳಿಸುವಾಗ, ಆ ಕೆಮ್ಮು ಬರಬೇಕಾದ ಜಾಗದಲ್ಲಿ ನಮ್ಮ ಕಿವಿ ಒಂದು ಕ್ಷಣ ಕಾಯುತ್ತದೆ.

ಈ ಸುಖವನ್ನು ನಾವು ಅಲ್ಲಗಳೆಯುತ್ತಿಲ್ಲ. ಸಂಗೀತ ಕಲಿಯದವನೂ ದನಿಗೂಡಿಸಬಹುದಾದಷ್ಟು ಸರಳವಾಗಿ ಅನಂತಸ್ವಾಮಿಯವರು ರಾಗ ಕಟ್ಟಿದ್ದರಿಂದಲೇ, ಕನ್ನಡ ಓದಲು ಬಾರದ ನಮ್ಮ ಮಕ್ಕಳೂ ರಾಜ್ಯೋತ್ಸವದ ವೇದಿಕೆಯಲ್ಲಿ ಅದನ್ನು ಹಾಡುತ್ತಾರೆ. ನಮ್ಮ ತಕರಾರು ನಮ್ಮ ಮೇಲೆಯೇ. ಆ ಸುರುಳಿಯ ಆಚೆ ಕವಿ ಇನ್ನೇನು ಬರೆದಿದ್ದಾರೆಂದು ನಾವು ನೋಡಲಿಲ್ಲ.

ನಿಸಾರರು ವೃತ್ತಿಯಿಂದ ಭೂವಿಜ್ಞಾನದ ಅಧ್ಯಾಪಕರು. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಹೇಳಿದವರು. ಹಾಡಿನಲ್ಲಿ ಬೆಟ್ಟದ ಜೊತೆಗೆ ಅದರ ಅದಿರೂ ಬರುವುದು ಅದಕ್ಕೇ ಇರಬೇಕು. ಅದೇ ಸಹ್ಯಾದ್ರಿ ಖಂಡಾಲದ ಘಾಟಿನಲ್ಲಿ ನಮ್ಮ ರೈಲಿನ ಕಿಟಕಿಯಾಚೆಗೂ ನಿಂತಿದೆ. ಇಲ್ಲಿಯದು ಲಾವಾ ಹರಿದು ಹೆಪ್ಪುಗಟ್ಟಿದ ಕಲ್ಲು, ಸುಮಾರು 6.6 ಕೋಟಿ ವರ್ಷದ್ದು. ಮಲೆನಾಡಿನದು 200 ಕೋಟಿ ವರ್ಷಕ್ಕೂ ಹಿಂದಿನದು. ಬೆಟ್ಟಸಾಲಿನ ಹೆಸರು ಒಂದೇ, ಒಳಗಿನ ಕಲ್ಲು ಬೇರೆ. ಒಂದರ ಪಕ್ಕದಲ್ಲಿ ಇನ್ನೊಂದು ಇದ್ದೂ ಅದರಂತೆ ಆಗಿಲ್ಲ.

ಹೀಗೆ ಇರುವುದರ ಕುರಿತೇ ನಿಸಾರರ ಒಂದು ಕವಿತೆಯಿದೆ: ‘ನಿಮ್ಮೊಡನಿದ್ದೂ ನಿಮ್ಮಂತಾಗದೆ’. ನಮ್ಮಲ್ಲಿ ಹಲವರು ಅದನ್ನು ಓದಿದ್ದು ಐವತ್ತು ದಾಟಿದ ಮೇಲೆ. ಮರಾಠಿಯ ನಡುವೆ ನಲವತ್ತು ವರ್ಷ ಬದುಕಿದವರಿಗೆ ಅದು ತಮಗೇ ಬರೆದದ್ದೆನಿಸಿದರೆ ಆಶ್ಚರ್ಯವಿಲ್ಲ. ಆದರೆ ಅಷ್ಟು ಸಲೀಸಾಗಿ ಅದನ್ನು ನಮ್ಮದಾಗಿಸಿಕೊಳ್ಳುವಂತಿಲ್ಲ. ನಾವು ಪರಕೀಯರಾದದ್ದು ಊರು ಬಿಟ್ಟು ಬಂದು. ನಮ್ಮ ಹಿಂದೆ ಒಂದು ನಾಡಿದೆ. ದೇವನಹಳ್ಳಿಯಲ್ಲಿ ಹುಟ್ಟಿದ ಈ ಮುಸ್ಲಿಮ್ ಕವಿ ತಮ್ಮ ನೆಲದಲ್ಲಿ ಇದ್ದುಕೊಂಡೇ, ತಮ್ಮದೇ ನುಡಿಯಲ್ಲಿ ಬರೆಯುತ್ತಲೇ, ಒಂದು ಕವನಸಂಕಲನಕ್ಕೆ ‘ನಾನೆಂಬ ಪರಕೀಯ’ ಎಂದು ಹೆಸರಿಟ್ಟರು. ಕೆಲವೇ ವರ್ಷಗಳ ನಂತರ, 1976ರಲ್ಲಿ, ಬಂದ ಸಂಕಲನ ‘ನಿತ್ಯೋತ್ಸವ’. ನಾವು ಹುಟ್ಟಿನಿಂದ ಬಂದ ಹಕ್ಕೆಂಬಂತೆ ಹಾಡಿಕೊಂಡದ್ದನ್ನು ಅವರು ಅಷ್ಟೆಲ್ಲ ಅರಿತೂ ಬರೆದಿದ್ದರು.

2020ರ ಮೇ 3ರಂದು ಅವರು ತೀರಿಕೊಂಡಾಗ ದೇಶವೆಲ್ಲ ಬಾಗಿಲು ಹಾಕಿಕೊಂಡಿತ್ತು. ಅಂದು ಸಂಜೆಯೊಳಗೆ ನಮ್ಮ ಒಬ್ಬೊಬ್ಬರ ಫೋನಿಗೂ ಆ ಹಾಡು ಹತ್ತಾರು ಸಲ ಬಂತು. ನಾವೂ ಅದನ್ನೇ ಮುಂದಕ್ಕೆ ಕಳಿಸಿದೆವು. ಆ ಕವಿತೆಯನ್ನು ಯಾರೂ ಕಳಿಸಲಿಲ್ಲ.

ಕಳೆದ ನವೆಂಬರಿನ ಕೂಟದಲ್ಲಿ ಹಾಡಿಗೆ ಮುನ್ನ ಅದನ್ನು ಓದಿಸಿದೆವು. ಹಬ್ಬದ ದಿನ ಇದೇಕೆ ಎಂದು ಹಿರಿಯರೊಬ್ಬರು ಗೊಣಗಿದರು. ಆಮೇಲೆ ಎಂದಿನಂತೆ ಎಲ್ಲರೂ ಎದ್ದು ನಿಂತು ‘ನಿತ್ಯೋತ್ಸವ’ ಹಾಡಿದರು, ಅವರೂ ಹಾಡಿದರು; ಆ ಸಲ ದನಿ ಕೊಂಚ ತಗ್ಗಿತ್ತು.